ಇಂಡಿಯಾ ಗೇಟ್ ಮತ್ತು ಪಕ್ಕದ ಯುದ್ಧ ಸ್ಮಾರಕ: ಪದೇ ಪದೇ ಕೇಳೋ ಪ್ರಶ್ನೆಗಳು

ದಿಲ್ಲಿಗೆ ಹೋಗಿ ಬಂದೋರ ಫೋನಲ್ಲಿ ಇಂಡಿಯಾ ಗೇಟ್ ಮುಂದೆ ತೆಗೆಸ್ಕೊಂಡ ಫೋಟೋ ಇದ್ದೇ ಇರುತ್ತೆ. ಅದು ಯಾರ ನೆನಪಿಗೆ ಕಟ್ಟಿದ್ದು ಅಂತ ಕೇಳಿ ನೋಡಿ, ಒಬ್ರು ಸ್ವಾತಂತ್ರ್ಯ ಹೋರಾಟಗಾರರದ್ದು ಅಂತಾರೆ, ಇನ್ನೊಬ್ರು 71ರ ಯುದ್ಧದ್ದು ಅಂತಾರೆ, ಮತ್ತೊಬ್ರು ಕಾರ್ಗಿಲ್‌ದು ಅಂತಾರೆ. ತಪ್ಪು ಅವರದ್ದೂ ಅಲ್ಲ ಬಿಡಿ, ಅಲ್ಲಿ ನೂರು ವರ್ಷದಲ್ಲಿ ಒಂದರ ಪಕ್ಕ ಒಂದು ಅಂತ ಬೇರೆ ಬೇರೆ ಕಾಲದವರು ಬೇರೆ ಬೇರೆಯವರ ನೆನಪಿಗೆ ಕಟ್ಟಿರೋದು ಸೇರ್ಕೊಂಡಿದೆ, ಬೋರ್ಡ್ ಓದದೇ ಸುತ್ತು ಹಾಕಿದ್ರೆ ಎಲ್ಲ ಒಂದೇ ಅನ್ಸುತ್ತೆ. ಯಾವುದು ಯಾರದ್ದು ಅಂತ ಬಿಡಿಸಿ ಹೇಳೋದೇ ಈ ಪ್ರಶ್ನೋತ್ತರದ ಕೆಲಸ.

ಮೊದಲು ಇದು ಹೇಳಿ, ಇಂಡಿಯಾ ಗೇಟ್ ಅಸಲಿಗೆ ಯಾರ ಸ್ಮಾರಕ?

ಮೊದಲನೇ ಮಹಾಯುದ್ಧದಲ್ಲಿ ಮತ್ತೆ 1919ರ ಮೂರನೇ ಆಫ್ಘನ್ ಯುದ್ಧದಲ್ಲಿ ಸತ್ತ ಭಾರತೀಯ ಸೇನೆಯ ಸೈನಿಕರದ್ದು. ಅಂದ್ರೆ ಆಗ ಬ್ರಿಟಿಷರ ಕೈಕೆಳಗಿದ್ದ ಇಂಡಿಯನ್ ಆರ್ಮಿ. ಕಟ್ಟಿದಾಗ ಇದರ ಹೆಸರು ಆಲ್ ಇಂಡಿಯಾ ವಾರ್ ಮೆಮೋರಿಯಲ್. ಮೊದಲನೇ ಮಹಾಯುದ್ಧಕ್ಕೆ ನಮ್ಮ ಕಡೆಯಿಂದ 13 ಲಕ್ಷಕ್ಕೂ ಹೆಚ್ಚು ಜನ ಹೋಗಿದ್ರು, ಅದ್ರಲ್ಲಿ ಸೈನಿಕರ ಜೊತೆ ಹೇಸರಗತ್ತೆ ನೋಡ್ಕೊಳ್ಳೋರು, ಅಡುಗೆಯವರು, ಡೋಲಿ ಹೊರೋರು, ಕೂಲಿಗಳು ಎಲ್ಲ ಇದ್ರು. ವಾಪಸ್ ಬರದೇ ಹೋದವರು ಸುಮಾರು 74 ಸಾವಿರ.

ಹಾಗಾಗಿ 1947ರ ನಂತರದ ಯಾವ ಯುದ್ಧಕ್ಕೂ ಆ ಕಮಾನಿನ ಕಲ್ಲಿಗೂ ಸಂಬಂಧ ಇಲ್ಲ. 1962, 65, 71, ಕಾರ್ಗಿಲ್ ಇದ್ಯಾವುದರ ಹೆಸರೂ ಅದರ ಮೇಲಿಲ್ಲ. ಅವು ಪಕ್ಕದ ಹೊಸ ಸ್ಮಾರಕದಲ್ಲಿವೆ, ಅದಕ್ಕೆ ಆಮೇಲೆ ಬರೋಣ.

ಬ್ರಿಟಿಷರು ನಮ್ಮವರಿಗೆ ಅಷ್ಟು ದೊಡ್ಡ ಸ್ಮಾರಕ ಕಟ್ಟಿದ್ದು ಪ್ರೀತಿಯಿಂದಾನಾ?

ಪ್ರೀತಿ ಅನ್ನೋಕಾಗಲ್ಲ, ಲೆಕ್ಕಾಚಾರ ಇತ್ತು. 1917ರಲ್ಲಿ ಇಂಪೀರಿಯಲ್ ವಾರ್ ಗ್ರೇವ್ಸ್ ಕಮಿಷನ್ ಅಂತ ಒಂದು ಸಂಸ್ಥೆ ಮಾಡಿದ್ರು, ಈಗ ಅದನ್ನೇ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತಾರೆ. ಯುದ್ಧದಲ್ಲಿ ಸತ್ತ ಪ್ರತಿಯೊಬ್ಬರ ಹೆಸರೂ ಎಲ್ಲೋ ಒಂದು ಕಡೆ ಉಳೀಬೇಕು, ಮೇಲಿನ ಅಧಿಕಾರಿ ಕೆಳಗಿನ ಸಿಪಾಯಿ ಅಂತ, ಜಾತಿ ಧರ್ಮ ಅಂತ ಭೇದ ಮಾಡಬಾರದು ಅನ್ನೋದು ಅದರ ನಿಯಮ. ಕಾಗದದ ಮೇಲೆ ಚೆನ್ನಾಗೇ ಇತ್ತು. ಏಷ್ಯಾ ಆಫ್ರಿಕಾದವರ ವಿಷಯಕ್ಕೆ ಬಂದಾಗ ಎಷ್ಟೋ ಕಡೆ ಆ ನಿಯಮ ಪಾಲನೆ ಆಗ್ಲಿಲ್ಲ ಅಂತ ಆ ಕಮಿಷನ್ನೇ 2021ರಲ್ಲಿ ಒಪ್ಕೊಂಡು ಕ್ಷಮೆ ಕೇಳ್ತು.

ಇನ್ನೊಂದು ಕಡೆ ರಾಜಕೀಯ. 1919ರಲ್ಲಿ ಜಲಿಯನ್‌ವಾಲಾ ಬಾಗ್ ಆಗಿದೆ, 1920ರಲ್ಲಿ ಅಸಹಕಾರ ಚಳವಳಿ ಶುರುವಾಗಿದೆ, ಅಂಥ ಹೊತ್ತಲ್ಲಿ 1921ರಲ್ಲಿ ಇದಕ್ಕೆ ಅಡಿಗಲ್ಲು ಹಾಕ್ತಾರೆ. ನಿಮ್ಮವರ ತ್ಯಾಗ ನಾವು ಮರೆತಿಲ್ಲ ಅಂತ ತೋರಿಸ್ಕೊಳ್ಳೋ ದರ್ದು ಸರ್ಕಾರಕ್ಕಿತ್ತು. ಅದಕ್ಕೇ ಕೆಲವರು ಇದನ್ನ ಗುಲಾಮಗಿರಿ ಗುರುತು ಅಂತ ಬೈತಾರೆ. ನನಗೆ ಹಾಗನ್ಸಲ್ಲ. ಕಟ್ಟಿಸಿದವರ ಉದ್ದೇಶ ಏನೇ ಇರ್ಲಿ, ಸತ್ತವರು ಪಂಜಾಬಿನ, ಗಢವಾಲದ, ದಕ್ಖನ್ನಿನ, ನೇಪಾಳದ ರೈತರ ಮಕ್ಕಳು.

ಯಾವಾಗ ಶುರು ಮಾಡಿದ್ರು, ಯಾವಾಗ ಮುಗೀತು?

1921ರ ಫೆಬ್ರವರಿ 10ಕ್ಕೆ ಬ್ರಿಟಿಷ್ ರಾಜಮನೆತನದ ಡ್ಯೂಕ್ ಆಫ್ ಕನಾಟ್ ಅಡಿಗಲ್ಲು ಇಟ್ರು (ಕನಾಟ್ ಪ್ಲೇಸ್‌ಗೆ ಹೆಸರು ಬಂದಿದ್ದೂ ಇವರಿಂದಲೇ). ಮುಗಿದು ಉದ್ಘಾಟನೆ ಆಗಿದ್ದು 1931ರ ಫೆಬ್ರವರಿ 12, ಮಾಡಿದ್ದು ವೈಸರಾಯ್ ಲಾರ್ಡ್ ಇರ್ವಿನ್. ಸರಿಯಾಗಿ ಹತ್ತು ವರ್ಷ ಹಿಡೀತು. ಅದೇ ವಾರದಲ್ಲೇ ಹೊಸ ದಿಲ್ಲಿ ರಾಜಧಾನಿಯಾಗಿ ಉದ್ಘಾಟನೆ ಆಗಿದ್ದು, ಅಂದ್ರೆ ಊರೂ ಸ್ಮಾರಕವೂ ಒಟ್ಟೊಟ್ಟಿಗೆ ರೆಡಿ ಆದವು. ಆಮೇಲೆ ಬ್ರಿಟಿಷರು ಅದನ್ನ ಅನುಭವಿಸಿದ್ದು 16 ವರ್ಷ ಅಷ್ಟೇ.

ಡಿಸೈನ್ ಮಾಡಿದ್ದು ಯಾರು? ಏನು ವಿಶೇಷ ಅದ್ರಲ್ಲಿ?

ಎಡ್ವಿನ್ ಲುಟ್ಯೆನ್ಸ್. ಟೀವಿಯಲ್ಲಿ ದಿನಾ ಲುಟ್ಯೆನ್ಸ್ ದಿಲ್ಲಿ ಲುಟ್ಯೆನ್ಸ್ ದಿಲ್ಲಿ ಅಂತ ಜಗಳ ಆಡ್ತಾರಲ್ಲ, ಅದೇ ಮನುಷ್ಯ. ರಾಷ್ಟ್ರಪತಿ ಭವನವೂ ಇವರದ್ದೇ. ಲಂಡನ್ನಿನ ಸೆನೊಟಾಫ್, ಫ್ರಾನ್ಸಿನ ಥಿಯೆಪ್ವಾಲ್ ಸ್ಮಾರಕ ಕೂಡ ಇವರ ಕೈಯಿಂದಲೇ ಬಂದಿದ್ದು, ಯುದ್ಧ ಸ್ಮಾರಕ ಅಂದ್ರೆ ಆ ಕಾಲಕ್ಕೆ ಇವರೇ ಎಕ್ಸ್‌ಪರ್ಟು.

ಕಮಾನಿನ ಎತ್ತರ 42 ಮೀಟರ್. ಕೆಳಗೆ ಭರತ್‌ಪುರದ ಕೆಂಪು ಕಲ್ಲಿನ ಪೀಠ, ಅದರ ಮೇಲೆ ತಿಳಿ ಹಳದಿ ಬಣ್ಣದ ಮರಳುಗಲ್ಲು. ನಡುವಿನ ಬಾಗಿಲಿನ ಅಗಲ ಸುಮಾರು 9 ಮೀಟರ್. ಹತ್ತಿರದಿಂದ ನೋಡ್ದಾಗ ಗಮನಿಸಿ, ಮೇಲಕ್ಕೆ ಹೋಗ್ತಾ ಹೋಗ್ತಾ ಹಂತ ಹಂತವಾಗಿ ಒಳಕ್ಕೆ ಸರಿದಿದೆ, ಅದಕ್ಕೇ ಅಷ್ಟು ಎತ್ತರ ಇದ್ರೂ ಮೈಮೇಲೆ ಬಿದ್ದ ಹಾಗೆ ಅನ್ಸಲ್ಲ. ತುತ್ತತುದಿಯಲ್ಲಿ ಒಂದು ದೊಡ್ಡ ಬೋಗುಣಿ ಥರದ್ದು ಇದೆ, ಕೆಳಗಿಂದ ಕಾಣೋದು ಕಷ್ಟ. ವರ್ಷಕ್ಕೊಮ್ಮೆ ಸ್ಮರಣೆ ದಿನ ಅದ್ರಲ್ಲಿ ಎಣ್ಣೆ ತುಂಬಿ ಬೆಂಕಿ ಹಚ್ಚೋದು ಅಂತ ಪ್ಲಾನು. ಪ್ಲಾನ್ ಪ್ಲಾನ್ ಆಗೇ ಉಳೀತು, ಹಚ್ಚಿದ್ದೇ ಅಪರೂಪ.

ಎಲ್ಲಕ್ಕಿಂತ ಮುಖ್ಯವಾಗಿದ್ದು ಅಲ್ಲಿ ಏನಿಲ್ಲ ಅನ್ನೋದು. ಶಿಲುಬೆ ಇಲ್ಲ, ದೇವರಿಲ್ಲ, ಕುದುರೆ ಮೇಲೆ ಕೂತ ಜನರಲ್ ಇಲ್ಲ, ಕತ್ತಿ ಹಿಡಿದ ವಿಜಯದೇವತೆ ಇಲ್ಲ. ಸತ್ತವರಲ್ಲಿ ಹಿಂದೂ, ಮುಸ್ಲಿಂ, ಸಿಖ್, ಕ್ರಿಶ್ಚಿಯನ್ ಎಲ್ಲರೂ ಇದ್ದಾಗ ಯಾರ ಚಿಹ್ನೆ ಹಾಕಿದ್ರೂ ಇನ್ನೊಬ್ಬರಿಗೆ ಸಲ್ಲಲ್ಲ, ಹಾಗಾಗಿ ಬರೀ ಕಲ್ಲು, ಅಳತೆ ಮತ್ತು ಅಕ್ಷರ ಇಟ್ಕೊಂಡೇ ಕೆಲಸ ಮುಗಿಸಿದ್ದಾರೆ. ಅಂಚುಪಟ್ಟಿ ಉದ್ದಕ್ಕೂ ಸೂರ್ಯನ ಗುರುತುಗಳಿವೆ, ಅದು ಸಾಮ್ರಾಜ್ಯದ ಚಿಹ್ನೆ, ಅಷ್ಟು ಮಾತ್ರ ಬಿಡ್ಲಿಲ್ಲ.

ಪ್ಯಾರಿಸ್‌ದು ನೋಡಿ ಕಾಪಿ ಹೊಡೆದಿದ್ದು ಅಂತಾರಲ್ಲ?

ಆರ್ಕ್ ದ ತ್ರಿಯೋಂಫ್ ನೆನಪಾಗೋದು ಸಹಜ, ಹೋಲಿಕೆನೂ ಇದೆ. ಆದ್ರೆ ಅದು ಸುಮಾರು 50 ಮೀಟರ್ ಎತ್ತರ, ನೆಪೋಲಿಯನ್ ತನ್ನ ಗೆಲುವಿನ ಖುಷಿಗೆ ಕಟ್ಟಿಸೋಕೆ ಹೊರಟಿದ್ದು, ಮೈತುಂಬ ಶಿಲ್ಪ. ಇದು ಬೋಳು. ಒಂದು ಗೆಲುವಿನದ್ದು, ಇನ್ನೊಂದು ಸತ್ತವರದ್ದು, ಆಕಾರ ಮಾತ್ರ ಅದೇ ರೋಮನ್ ಕಾಲದ ಕಮಾನು.

ಗೇಟ್‌ವೇ ಆಫ್ ಇಂಡಿಯಾ ಬೇರೆನಾ?

ಬೇರೆ ರೀ. ಅದು ಮುಂಬೈಯಲ್ಲಿ, ಸಮುದ್ರದ ದಂಡೆ ಮೇಲೆ, 26 ಮೀಟರ್ ಎತ್ತರ, ಜಾರ್ಜ್ ವಿಟೆಟ್ ಡಿಸೈನು, 1911ರಲ್ಲಿ ರಾಜ ರಾಣಿ ಬಂದಿಳಿದ ನೆನಪಿಗೆ ಕಟ್ಟಿ 1924ರಲ್ಲಿ ಮುಗಿಸಿದ್ದು. ಯುದ್ಧ ಸ್ಮಾರಕ ಅಲ್ಲ. ಇನ್ನು ನೆಟ್ಟಲ್ಲಿ ಇಂಡಿಯಾ ಗೇಟ್ ಅಂತ ಹುಡುಕಿದ್ರೆ ಬಾಸ್ಮತಿ ಅಕ್ಕಿ ಬರುತ್ತೆ, ಅದಕ್ಕೂ ನಮಗೂ ಸಂಬಂಧ ಇಲ್ಲ.

ಮೇಲ್ಗಡೆ ದೊಡ್ಡಕ್ಷರದಲ್ಲಿ ಏನು ಬರೆದಿದೆ?

ನಡುವೆ ಇಂಗ್ಲಿಷಲ್ಲಿ ಇಂಡಿಯಾ ಅಂತ. ಅದರ ಎರಡೂ ಪಕ್ಕ ರೋಮನ್ ಅಂಕಿಯಲ್ಲಿ ಇಸವಿ, ಎಡಕ್ಕೆ ಎಂ-ಸಿ-ಎಂ-ಎಕ್ಸ್-ಐ-ವಿ ಅಂದ್ರೆ 1914, ಬಲಕ್ಕೆ ಎಂ-ಸಿ-ಎಂ-ಎಕ್ಸ್-ಐ-ಎಕ್ಸ್ ಅಂದ್ರೆ 1919. ಯುದ್ಧ 1918ಕ್ಕೇ ಮುಗೀತಲ್ಲ ಅಂತ ಕೇಳೋರಿದ್ದಾರೆ, 1919 ಆಫ್ಘನ್ ಯುದ್ಧದ ವರ್ಷ.

ಅದರ ಕೆಳಗೆ ಉದ್ದದ ಬರಹ ಇದೆ. ಫ್ರಾನ್ಸ್, ಫ್ಲ್ಯಾಂಡರ್ಸ್ (ಬೆಲ್ಜಿಯಂ ಕಡೆ), ಮೆಸೊಪೊಟೇಮಿಯಾ (ಈಗಿನ ಇರಾಕ್), ಪರ್ಷಿಯಾ, ಪೂರ್ವ ಆಫ್ರಿಕಾ, ಗಲಿಪೊಲಿ ಮತ್ತೆ ಬೇರೆ ಕಡೆ ಬಿದ್ದು, ಅಲ್ಲಲ್ಲೇ ಗೌರವ ಪಡೆದಿರೋ ಭಾರತೀಯ ಸೈನಿಕರಿಗೆ ಅಂತ ಶುರುವಾಗಿ, ಭಾರತದಲ್ಲಿ, ವಾಯವ್ಯ ಗಡಿಯಲ್ಲಿ, ಮೂರನೇ ಆಫ್ಘನ್ ಯುದ್ಧದಲ್ಲಿ ಸತ್ತು ಇಲ್ಲಿ ಹೆಸರು ಬರೆಸಿಕೊಂಡವರ ಪವಿತ್ರ ನೆನಪಿಗೂ ಅಂತ ಮುಗಿಯುತ್ತೆ. ಈ ಎರಡು ಭಾಗ ಬೇರೆ ಬೇರೆ ಅನ್ನೋದು ತಲೇಲಿಟ್ಕೊಳ್ಳಿ, ಮುಂದಿನ ಎರಡು ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಸತ್ತವರು 74 ಸಾವಿರ ಅಂತೀರಿ, ಗೋಡೆ ಮೇಲೆ 13 ಸಾವಿರ ಚಿಲ್ಲರೆ ಹೆಸರು ಮಾತ್ರ ಯಾಕೆ?

ಕಮಿಷನ್ನಿನ ಲೆಕ್ಕ ಹೀಗೆ: ಸಮಾಧಿ ಸಿಕ್ಕಿದವರ ಹೆಸರು ಸಮಾಧಿ ಮೇಲೆ, ಸಿಗದೇ ಇದ್ದವರ ಹೆಸರು ಅವರು ಸತ್ತ ಪ್ರದೇಶದ ಸ್ಮಾರಕದ ಮೇಲೆ. ಒಬ್ಬರ ಹೆಸರು ಒಂದೇ ಕಡೆ. ಹಾಗಾಗಿ ಫ್ರಾನ್ಸಲ್ಲಿ ಸತ್ತು ಸಮಾಧಿ ಗೊತ್ತಿಲ್ಲದವರ ಹೆಸರು ಅಲ್ಲಿನ ನವ್ ಶಾಪೆಲ್ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಇವೆ. ಅದನ್ನ 1927ರಲ್ಲಿ ತೆರೆದ್ರು, ಡಿಸೈನು ಹರ್ಬರ್ಟ್ ಬೇಕರ್‌ದು, ನಮ್ಮ ನಾರ್ತ್ ಬ್ಲಾಕ್ ಸೌತ್ ಬ್ಲಾಕ್ ಮಾಡಿದವರೇ. ಬೆಲ್ಜಿಯಂನಲ್ಲಿ ಸತ್ತ ಕೆಲವರದ್ದು ಮೆನಿನ್ ಗೇಟ್ ಮೇಲಿದೆ, ಇರಾಕಲ್ಲಿ ಸತ್ತವರಿಗೆ ಬಸ್ರಾದಲ್ಲಿ ಸ್ಮಾರಕ ಇದೆ, ಅಲ್ಲಿನ ಲೆಕ್ಕ ತುಂಬಾ ದೊಡ್ಡದು. ದಿಲ್ಲಿ ಗೋಡೆಗೆ ಬಂದಿದ್ದು ಮುಖ್ಯವಾಗಿ ವಾಯವ್ಯ ಗಡಿ ಮತ್ತು ಆಫ್ಘನ್ ಕಡೆ ಸತ್ತವರು, ಅಂದ್ರೆ ಈಗಿನ ಪಾಕಿಸ್ತಾನದ ಗುಡ್ಡಗಳಲ್ಲಿ ಸತ್ತು ಸಮಾಧಿ ಉಳಿಯದೇ ಹೋದವರು. ಅವರಲ್ಲಿ ಬ್ರಿಟಿಷ್ ಅಧಿಕಾರಿಗಳೂ ಇದ್ದಾರೆ, 1919ರಲ್ಲಿ ಸತ್ತ ಒಬ್ಬ ನರ್ಸ್ ಕೂಡ ಇದ್ದಾರೆ.

ಇನ್ನೊಂದು ಬೇಜಾರಿನ ವಿಷಯ, ಆ ಹೆಸರುಗಳನ್ನ ಓದೋಕೆ ಹತ್ತಿರ ಬಿಡಲ್ಲ. ಸುತ್ತ ಸರಪಳಿ, ಸೆಕ್ಯುರಿಟಿ. ಹೆಸರು ಓದ್ಲಿ ಅಂತಾನೇ ಕಟ್ಟಿದ ಗೋಡೆ, ಓದೋ ದೂರದಲ್ಲಿ ನಿಲ್ಲೋಕೆ ಮಾತ್ರ ಜಾಗ ಇಲ್ಲ. ಮನೆಯ ಹಿರಿಯರು ಯಾರಾದ್ರೂ ಆ ಯುದ್ಧದಲ್ಲಿ ಹೋಗಿದ್ರೆ ವಾರ್ ಗ್ರೇವ್ಸ್ ಕಮಿಷನ್ ವೆಬ್‌ಸೈಟಲ್ಲಿ ಹೆಸರು ಹಾಕಿ ಹುಡುಕಬಹುದು, ಯಾವ ಸ್ಮಾರಕದಲ್ಲಿದೆ ಅಂತ ತೋರಿಸುತ್ತೆ. ಸ್ಪೆಲಿಂಗ್ ನಾಲ್ಕೈದು ಥರ ಹಾಕಿ ನೋಡ್ಬೇಕು, ಆಗಿನ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರ್ಕೊಂಡಿದ್ದಾರೆ.

ಇಂಡಿಯಾ ಗೇಟ್ ಮೇಲೆ 95 ಸಾವಿರ ಸ್ವಾತಂತ್ರ್ಯ ಹೋರಾಟಗಾರರ ಹೆಸರಿದೆ, ಅದ್ರಲ್ಲಿ ಇಂಥ ಧರ್ಮದವರು ಇಷ್ಟು ಅಂತ ವಾಟ್ಸಾಪಲ್ಲಿ ಬಂತು, ನಿಜನಾ?

ಸುಳ್ಳು. ಪ್ರತಿ ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ತಪ್ಪದೇ ಬರುತ್ತೆ ಇದು. ಮೊದಲನೇದಾಗಿ ಅಲ್ಲಿರೋದು ಸೈನಿಕರ ಹೆಸರು, ಸ್ವಾತಂತ್ರ್ಯ ಹೋರಾಟಗಾರರದ್ದಲ್ಲ. 1931ರಲ್ಲಿ ವೈಸರಾಯ್ ಉದ್ಘಾಟನೆ ಮಾಡಿದ ಗೋಡೆ ಮೇಲೆ ವೈಸರಾಯ್ ವಿರುದ್ಧ ಹೋರಾಡಿದವರ ಹೆಸರು ಹೇಗೆ ಬರುತ್ತೆ, ಸ್ವಲ್ಪ ಯೋಚನೆ ಮಾಡಿ ಫಾರ್ವರ್ಡ್ ಮಾಡ್ಬಾರ್ದಾ. ಎರಡನೇದು, ಹೆಸರು 13 ಸಾವಿರ ಚಿಲ್ಲರೆ, 95 ಸಾವಿರ ಅಲ್ಲ. ಮೂರನೇದು, ಧರ್ಮದ ಲೆಕ್ಕದಲ್ಲಿ ಅಲ್ಲಿ ಯಾರನ್ನೂ ವಿಂಗಡಿಸಿಲ್ಲ. ಸ್ವಾತಂತ್ರ್ಯ ಹೋರಾಟದಲ್ಲಿ ಎಲ್ಲ ಧರ್ಮದವರೂ ಪ್ರಾಣ ಕೊಟ್ಟಿದ್ದಾರೆ, ಅದನ್ನ ಹೇಳೋಕೆ ಇಂಥ ಸುಳ್ಳು ಪಟ್ಟಿ ಬೇಕಾಗಿಲ್ಲ.

ನಮ್ಮ ಮೈಸೂರು ಲ್ಯಾನ್ಸರ್ಸ್ (ಮೈಸೂರು ಸಂಸ್ಥಾನದ ಕುದುರೆ ಪಡೆ) ಕೂಡ ಮೊದಲನೇ ಮಹಾಯುದ್ಧದಲ್ಲಿ ಇದ್ರಲ್ಲ, ಅವರ ನೆನಪಿಗೆ ದಿಲ್ಲಿಯಲ್ಲಿ ಏನಿದೆ?

ಇದೆ, ಇಂಡಿಯಾ ಗೇಟಿಗಿಂತ ಒಂಬತ್ತು ವರ್ಷ ಮೊದಲೇ ಬಂದಿದ್ದು. ತೀನ್ ಮೂರ್ತಿ ಅಂತೀವಲ್ಲ, ನೆಹರೂ ಇದ್ದ ಮನೆ ಮುಂದಿನ ಸರ್ಕಲ್ಲು, ಈಗ ಆ ಮನೆಯ ಆವರಣದಲ್ಲಿ ಪ್ರಧಾನಮಂತ್ರಿಗಳ ಮ್ಯೂಸಿಯಂ ಇದೆ. ಅಲ್ಲಿನ ಕಲ್ಲಿನ ಕಂಬದ ಸುತ್ತ ನಿಂತಿರೋ ಮೂರು ಕಂಚಿನ ಸೈನಿಕರು ಮೈಸೂರು, ಹೈದರಾಬಾದ್ ಮತ್ತು ಜೋಧ್‌ಪುರ ಸಂಸ್ಥಾನದ ಲ್ಯಾನ್ಸರ್‌ಗಳು. ಮಾಡಿದ್ದು ಲಿಯೊನಾರ್ಡ್ ಜೆನ್ನಿಂಗ್ಸ್ ಅನ್ನೋ ಶಿಲ್ಪಿ, 1922ರಲ್ಲಿ.

ಕಥೆ ಹೀಗೆ. 1918ರ ಸೆಪ್ಟೆಂಬರ್ 23ಕ್ಕೆ ಹೈಫಾ ಊರನ್ನ (ಈಗ ಇಸ್ರೇಲಲ್ಲಿದೆ) ಟರ್ಕಿ ಮತ್ತು ಜರ್ಮನಿ ಪಡೆಗಳ ಕೈಯಿಂದ ಬಿಡಿಸ್ಕೊಳ್ಳೋ ಕೆಲಸ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್‌ಗೆ ಬಂತು. ಎದುರಿಗೆ ಮೆಷಿನ್ ಗನ್ನು, ಕಾರ್ಮೆಲ್ ಗುಡ್ಡದ ಮೇಲೆ ಫಿರಂಗಿ, ಇವರ ಹತ್ರ ಕುದುರೆ, ಈಟಿ, ಕತ್ತಿ. ಮೈಸೂರಿನವರ ಒಂದು ತುಕಡಿ ಗುಡ್ಡ ಹತ್ತಿ ಮೇಲಿನ ಫಿರಂಗಿಗಳ ಮೇಲೆ ಬಿತ್ತು, ಜೋಧ್‌ಪುರದವರು ಊರಿನ ಕಡೆ ನುಗ್ಗಿದ್ರು, ಸಂಜೆಯೊಳಗೆ ಹೈಫಾ ಕೈಗೆ ಬಂತು. ಈ ಎರಡು ರೆಜಿಮೆಂಟ್ ಸೇರಿ ಹಿಡಿದ ಕೈದಿಗಳು 1,350. ನಮ್ಮ ಶಾಲೆ ಪುಸ್ತಕಗಳಲ್ಲಿ ಹಳೇ ಮೈಸೂರಿನ ಬಗ್ಗೆ ಎಷ್ಟೆಲ್ಲ ಬರುತ್ತೆ, ಇದು ಮಾತ್ರ ಒಂದು ಸಾಲಿಗಿಂತ ಜಾಸ್ತಿ ಬರಲ್ಲ ಅನ್ನೋದು ನನಗೆ ಯಾವಾಗ್ಲೂ ಸಿಟ್ಟು.

2018ರ ಜನವರಿಯಲ್ಲಿ ಇಸ್ರೇಲ್ ಪ್ರಧಾನಿ ಬಂದಾಗ ಆ ಸರ್ಕಲ್ಲಿಗೆ ತೀನ್ ಮೂರ್ತಿ ಹೈಫಾ ಚೌಕ್ ಅಂತ ಹೆಸರಿಟ್ರು. ಇಂಡಿಯಾ ಗೇಟ್ ನೋಡೋಕೆ ಹೋದವರು ಆಟೋದವನಿಗೆ ಹೇಳಿ ಈ ಕಡೆನೂ ಒಂದು ಸುತ್ತು ಬನ್ನಿ, ಗೇಟಿಂದ ತುಂಬಾ ದೂರ ಏನಿಲ್ಲ.

ಇಂಡಿಯಾ ಗೇಟ್ ಹಿಂದೆ ಒಂದು ಮಂಟಪ ಇದ್ಯಲ್ಲ, ಅದೇನು?

ಅದೂ ಲುಟ್ಯೆನ್ಸ್‌ದೇ, 1936ರದ್ದು, ಸುಮಾರು 22 ಮೀಟರ್ ಎತ್ತರ. ಮಹಾಬಲಿಪುರದ ಹಳೇ ಮಂಟಪ ನೋಡಿ ಪ್ರೇರಣೆ ತಗೊಂಡಿದ್ದು ಅಂತಾರೆ. ಒಳಗೆ ಐದನೇ ಜಾರ್ಜ್ ರಾಜನ ಅಮೃತಶಿಲೆ ಪ್ರತಿಮೆ ಇತ್ತು. ಸ್ವಾತಂತ್ರ್ಯ ಬಂದ 20 ವರ್ಷದ ಮೇಲೂ ಅವನು ಅಲ್ಲೇ ನಿಂತಿದ್ದ, 1968ರಲ್ಲಿ ಎತ್ತಿ ಊರಾಚೆಯ ಕಾರೊನೇಷನ್ ಪಾರ್ಕಿಗೆ ಸಾಗಿಸಿದ್ರು. ಅಲ್ಲಿಂದ 54 ವರ್ಷ ಮಂಟಪ ಖಾಲಿ. ಗಾಂಧೀಜಿ ಪ್ರತಿಮೆ ಇಡೋಣ ಅಂತ ಚರ್ಚೆ ಆಯ್ತು, ಆಗ್ಲಿಲ್ಲ. ಖಾಲಿ ಮಂಟಪವೇ ಒಳ್ಳೇದು, ಸಾಮ್ರಾಜ್ಯ ಹೋಯ್ತು ಅನ್ನೋಕೆ ಅದಕ್ಕಿಂತ ಇನ್ನೇನು ಬೇಕು ಅಂತ ವಾದ ಮಾಡೋರೂ ಇದ್ರು, ಅದ್ರಲ್ಲೂ ಅರ್ಥ ಇತ್ತು.

2022ರ ಜನವರಿ 23ಕ್ಕೆ ಅಲ್ಲಿ ನೇತಾಜಿ ಸುಭಾಷ್ ಚಂದ್ರ ಬೋಸ್ ಅವರ ಹೋಲೋಗ್ರಾಂ ಹಾಕಿದ್ರು, ಅದೇ ವರ್ಷ ಸೆಪ್ಟೆಂಬರ್ 8ಕ್ಕೆ 28 ಅಡಿ ಎತ್ತರದ ಕಪ್ಪು ಗ್ರಾನೈಟ್ ಪ್ರತಿಮೆ ಬಂತು. ಕೆತ್ತನೆ ತಂಡದ ಮುಂದಾಳು ನಮ್ಮ ಮೈಸೂರಿನ ಅರುಣ್ ಯೋಗಿರಾಜ್, ಆಮೇಲೆ ಅಯೋಧ್ಯೆಯ ಬಾಲರಾಮನ ಮೂರ್ತಿ ಕೆತ್ತಿದ್ದು ಇವರೇ. ಕಲ್ಲು ತೆಲಂಗಾಣದ ಖಮ್ಮಂದು, 280 ಟನ್ನಿನ ಒಂದೇ ಬಂಡೆ. 140 ಚಕ್ರದ ಲಾರಿ ಮೇಲೆ 1,665 ಕಿಲೋಮೀಟರ್ ಬಂದು ದಿಲ್ಲಿ ಸೇರ್ತು. ಕೆತ್ತಿ ಮುಗಿದ ಮೇಲೆ ಉಳಿದಿದ್ದು 65 ಟನ್, ಅಂದ್ರೆ ಮುಕ್ಕಾಲು ಪಾಲಿಗಿಂತ ಜಾಸ್ತಿ ಕಲ್ಲು ಉಳಿಯಿಂದ ಉದುರಿ ಹೋಗಿದೆ. ಅದೇ ದಿನ ರಾಜಪಥಕ್ಕೆ ಕರ್ತವ್ಯ ಪಥ ಅಂತ ಹೊಸ ಹೆಸರೂ ಬಂತು.

ನೇತಾಜಿ ಪ್ರತಿಮೆ ಯುದ್ಧ ಸ್ಮಾರಕದ ಭಾಗ ಅಲ್ಲ, ನೆನಪಿರ್ಲಿ. ಆದ್ರೆ ಇಲ್ಲಿ ಒಂದು ತಮಾಷೆ ಇದೆ. ಬ್ರಿಟಿಷರ ಪರವಾಗಿ ಹೋರಾಡಿ ಸತ್ತ ಭಾರತೀಯರ ಕಮಾನು, ಬ್ರಿಟಿಷರ ವಿರುದ್ಧ ಭಾರತೀಯ ಸೈನಿಕರನ್ನೇ ಕಟ್ಕೊಂಡು ಹೊರಟವನ ಪ್ರತಿಮೆ, ಎರಡೂ ಒಂದೇ ಗೆರೆಯಲ್ಲಿ ನಿಂತಿವೆ.

ಅಮರ್ ಜವಾನ್ ಜ್ಯೋತಿ ಇಂಡಿಯಾ ಗೇಟ್ ಕಟ್ಟಿದಾಗಿಂದ ಇತ್ತಾ?

ಇಲ್ಲ. ಅದು 1971ರ ಯುದ್ಧ ಗೆದ್ದ ಮೇಲೆ ಬಂದಿದ್ದು. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯ್ತು, 1972ರ ಜನವರಿ 26ಕ್ಕೆ ಇಂದಿರಾ ಗಾಂಧಿ ಜ್ಯೋತಿ ಉದ್ಘಾಟನೆ ಮಾಡಿದ್ರು. ಒಂದೂವರೆ ತಿಂಗಳೂ ಸಿಕ್ಕಿಲ್ಲ, ಹಾಗಾಗಿ ಹೊಸ ಜಾಗ ಹುಡುಕದೇ ಇದ್ದ ಕಮಾನಿನ ಕೆಳಗೇ ಮಾಡಿದ್ರು. ಕಪ್ಪು ಅಮೃತಶಿಲೆ ಕಟ್ಟೆ, ಅದರ ಮೇಲೆ ತಲೆಕೆಳಗಾಗಿ ನಿಲ್ಲಿಸಿದ ರೈಫಲ್ಲು, ರೈಫಲ್ ಮೇಲೆ ಹೆಲ್ಮೆಟ್ಟು, ನಾಲ್ಕೂ ಮುಖಕ್ಕೆ ಹಿಂದಿಯಲ್ಲಿ ಅಮರ್ ಜವಾನ್ ಅಂತ ಬಂಗಾರದ ಬಣ್ಣದ ಅಕ್ಷರ, ಸುತ್ತ ನಾಲ್ಕು ಬೆಂಕಿ ಕುಂಡ. ನಾಲ್ಕರಲ್ಲಿ ಒಂದು ಮಾತ್ರ ವರ್ಷಪೂರ್ತಿ ಉರೀತಿತ್ತು, ಗಣರಾಜ್ಯೋತ್ಸವ ಸ್ವಾತಂತ್ರ್ಯ ದಿನ ಬಂದಾಗ ನಾಲ್ಕನ್ನೂ ಹಚ್ಚೋರು. ಮೊದಲು ನಮ್ಮನೆ ಅಡುಗೆ ಥರಾನೇ ಗ್ಯಾಸ್ ಸಿಲಿಂಡರು, 2006ರಿಂದ ಪೈಪ್ ಗ್ಯಾಸು. ಒಳಗೆ ಯಾರ ದೇಹವೂ ಇಲ್ಲ, ಅದು ಗುರುತು ಸಿಗದ ಸೈನಿಕನ ಸಾಂಕೇತಿಕ ಸಮಾಧಿ ಅಷ್ಟೇ.

ಆ ಜ್ಯೋತಿ ಆರಿಸಿಬಿಟ್ರು ಅಂತ ಗಲಾಟೆ ಆಯ್ತಲ್ಲ?

2022ರ ಜನವರಿ 21ಕ್ಕೆ ಆ ಜ್ಯೋತಿಯನ್ನ ಪಂಜಿನಲ್ಲಿ ತಗೊಂಡು ಹೋಗಿ ಪಕ್ಕದ ಹೊಸ ಸ್ಮಾರಕದ ಜ್ಯೋತಿಗೆ ಸೇರಿಸಿದ್ರು. ಸರ್ಕಾರ ಹೇಳಿದ್ದು, ಆರಿಸಿಲ್ಲ, ವಿಲೀನ ಮಾಡಿದ್ದೀವಿ, 71ರ ಹುತಾತ್ಮರ ಹೆಸರು ಇಂಡಿಯಾ ಗೇಟ್ ಮೇಲೆ ಇಲ್ಲವೇ ಇಲ್ಲ, ಹೊಸ ಸ್ಮಾರಕದಲ್ಲಿದೆ, ಹೆಸರಿದ್ದ ಕಡೆ ಜ್ಯೋತಿ ಇರ್ಬೇಕು ಅಂತ. ವಿರೋಧ ಮಾಡಿದವರು ಹೇಳಿದ್ದು, 50 ವರ್ಷ ಜನ ಕೈಮುಗಿದ ಜಾಗ, ಎರಡು ಕಡೆ ಉರಿದ್ರೆ ಏನು ನಷ್ಟ ಅಂತ. ನಿವೃತ್ತ ಸೈನಿಕರಲ್ಲೇ ಎರಡೂ ಕಡೆಯವರು ಇದ್ರು. ನನಗೆ ಸರ್ಕಾರದ ವಾದದ ಲಾಜಿಕ್ಕು ಒಪ್ಪಿಗೆ, ಆದ್ರೆ ಅಷ್ಟು ಅವಸರ ಬೇಕಿರ್ಲಿಲ್ಲ ಅನ್ಸುತ್ತೆ, 71ರ ಗೆಲುವಿನ 50ನೇ ವರ್ಷ ಆಚರಿಸಿ ತಿಂಗಳ ಮೇಲೆ ಕೆಲವೇ ದಿನ ಆಗಿತ್ತು. ರೈಫಲ್ ಹೆಲ್ಮೆಟ್ ಅದೇ ವರ್ಷ ಮೇ ತಿಂಗಳಲ್ಲಿ ಹೊಸ ಸ್ಮಾರಕದ ಪರಮ ಯೋಧ ಸ್ಥಳಕ್ಕೆ ಹೋದವು.

ಹೊಸ ಸ್ಮಾರಕ ಅಂದ್ರೆ ಯಾವುದು? ಅದರ ಡಿಸೈನ್ ಬಗ್ಗೆ ಹೇಳಿ.

ರಾಷ್ಟ್ರೀಯ ಯುದ್ಧ ಸ್ಮಾರಕ, ನ್ಯಾಷನಲ್ ವಾರ್ ಮೆಮೋರಿಯಲ್. ಇಂಡಿಯಾ ಗೇಟ್, ಮಂಟಪ ದಾಟಿ ಆ ಕಡೆ ಹೋದ್ರೆ ಸಿಗುತ್ತೆ, 40 ಎಕರೆ ಜಾಗ. ಸ್ವತಂತ್ರ ಭಾರತದ ಸೈನಿಕರಿಗೆ ತಮ್ಮದೇ ಸ್ಮಾರಕ ಬೇಕು ಅಂತ 1960ರಿಂದಲೇ ಸೇನೆ ಕೇಳ್ತಾ ಇತ್ತು. ಫೈಲು ಆ ಮೇಜಿಂದ ಈ ಮೇಜಿಗೆ ಓಡಾಡ್ಕೊಂಡು ಇತ್ತು, 2015ರಲ್ಲಿ ಒಪ್ಪಿಗೆ ಸಿಕ್ತು, ಜಾಗತಿಕ ಮಟ್ಟದಲ್ಲಿ ಸ್ಪರ್ಧೆ ಕರೆದ್ರು, 427 ಡಿಸೈನ್ ಬಂದವು, ಗೆದ್ದಿದ್ದು ಚೆನ್ನೈನ ವೀಬಿ ಡಿಸೈನ್ ಲ್ಯಾಬ್, ಮುಖ್ಯ ಆರ್ಕಿಟೆಕ್ಟ್ ಯೋಗೇಶ್ ಚಂದ್ರಹಾಸನ್. ಖರ್ಚು 176 ಕೋಟಿ. ಉದ್ಘಾಟನೆ 2019ರ ಫೆಬ್ರವರಿ 25.

ಡಿಸೈನಲ್ಲಿ ದೊಡ್ಡ ತಲೆನೋವು ಏನಿತ್ತು ಅಂದ್ರೆ ಎದುರಿಗೆ 42 ಮೀಟರಿನ ಇಂಡಿಯಾ ಗೇಟ್ ಇದೆ, ಅದರ ಜೊತೆ ಪೈಪೋಟಿಗೆ ಇನ್ನೊಂದು ಎತ್ತರದ್ದು ನಿಲ್ಲಿಸಿದ್ರೆ ಎರಡೂ ಕೆಡುತ್ತೆ. ಹಾಗಾಗಿ ಮೇಲಕ್ಕೆ ಹೋಗದೇ ಕೆಳಕ್ಕೆ ಇಳಿದಿದ್ದಾರೆ. ನೆಲಮಟ್ಟಕ್ಕಿಂತ ತಗ್ಗಿನಲ್ಲಿ, ಒಂದರೊಳಗೊಂದು ನಾಲ್ಕು ಸುತ್ತು, ಚಕ್ರವ್ಯೂಹದ ಕಲ್ಪನೆ. ದೂರದಿಂದ ನೋಡಿದ್ರೆ ಅಲ್ಲಿ ಏನೂ ಇಲ್ಲ ಅನ್ಸುತ್ತೆ, ಹತ್ತಿರ ಹೋದ ಮೇಲೇ ತೆರ್ಕೊಳ್ಳೋದು. ಈ ಒಂದು ತೀರ್ಮಾನಕ್ಕೇ ಆ ತಂಡಕ್ಕೆ ಮಾರ್ಕ್ಸ್ ಕೊಡ್ಬೇಕು.

ನಡುವೆ ಅಮರ ಚಕ್ರ. ಅಲ್ಲಿ 15.5 ಮೀಟರ್ ಎತ್ತರದ ಸ್ಮಾರಕ ಸ್ತಂಭ, ಬುಡದಲ್ಲಿ ಆರದ ಜ್ಯೋತಿ. ಅದರ ಸುತ್ತ ವೀರತಾ ಚಕ್ರ, ಆರು ಕಂಚಿನ ಉಬ್ಬುಚಿತ್ರ: 1948ರ ತಿಥ್ವಾಲ್, 1962ರ ರೆಜಾಂಗ್ ಲಾ, 1971ರ ಗಂಗಾಸಾಗರ್, ಲೋಂಗೆವಾಲಾ ಮತ್ತು ಕರಾಚಿ ಮೇಲೆ ನೌಕಾಪಡೆ ಮಾಡಿದ ಆಪರೇಷನ್ ಟ್ರೈಡೆಂಟ್, ಆಮೇಲೆ ಸಿಯಾಚಿನ್‌ನ ಆಪರೇಷನ್ ಮೇಘದೂತ್. ರೆಜಾಂಗ್ ಲಾ ಮುಂದೆ ಸ್ವಲ್ಪ ಹೊತ್ತು ನಿಲ್ಲಿ, ಆ ಕೊರೆಯೋ ಗುಡ್ಡದಲ್ಲಿ ಮೇಜರ್ ಶೈತಾನ್ ಸಿಂಗ್ ಜೊತೆ ಇದ್ದ 120 ಜನರಲ್ಲಿ 100ಕ್ಕೂ ಹೆಚ್ಚು ಜನ ಅಲ್ಲೇ ಉಳಿದ್ರು.

ಮೂರನೇದು ತ್ಯಾಗ ಚಕ್ರ, ಸ್ಮಾರಕದ ಜೀವ ಇರೋದು ಇಲ್ಲೇ. 16 ಗೋಡೆ, ಅದ್ರ ತುಂಬ ಇಟ್ಟಿಗೆ ಆಕಾರದ ಗ್ರಾನೈಟ್ ತುಂಡುಗಳು, ಒಂದೊಂದರ ಮೇಲೆ ಒಬ್ಬೊಬ್ಬರ ಹೆಸರು, ಹುದ್ದೆ, ರೆಜಿಮೆಂಟು, ಬಂಗಾರದ ಬಣ್ಣದ ಅಕ್ಷರದಲ್ಲಿ. ಶುರುವಿನಲ್ಲೇ 25,942 ಹೆಸರಿತ್ತು. ಇಲ್ಲಿ ಇಂಡಿಯಾ ಗೇಟ್ ಥರ ಸರಪಳಿ ಇಲ್ಲ, ಹೆಸರು ಎದೆಯ ಮಟ್ಟಕ್ಕೆ, ಕಣ್ಣಿನ ಮಟ್ಟಕ್ಕೆ ಸಿಗುತ್ತೆ, ಮುಟ್ಟಿ ನೋಡ್ಬಹುದು. ಸಿಪಾಯಿ ಮತ್ತು ಮೇಜರ್‌ಗೆ ಒಂದೇ ಅಳತೆಯ ಕಲ್ಲು.

ಹೊರಗಿನ ಸುತ್ತು ರಕ್ಷಕ ಚಕ್ರ, 600ಕ್ಕೂ ಹೆಚ್ಚು ಮರ, ಗಡಿ ಕಾಯೋ ಸೈನಿಕರ ಹಾಗೆ ಸಾಲಾಗಿ. ಬೇಸಿಗೆಯಲ್ಲಿ ಹೋದವರಿಗೆ ಅದರ ಬೆಲೆ ಗೊತ್ತಾಗುತ್ತೆ.

ಕರ್ನಾಟಕದವರು ಯಾರ್ಯಾರು ಇದ್ದಾರೆ ಅಲ್ಲಿ?

ಪರಮ ಯೋಧ ಸ್ಥಳ ಅಂತ ಪಕ್ಕದಲ್ಲೇ ಇದೆ, ಪರಮವೀರ ಚಕ್ರ ಪಡೆದ 21 ಜನರ ಎದೆಮಟ್ಟದ ಪ್ರತಿಮೆಗಳು. ಅದ್ರಲ್ಲಿ ರಾಮ ರಾಘೋಬಾ ರಾಣೆ ಅವರನ್ನ ಹುಡುಕಿ, ಕಾರವಾರದ ಹತ್ರ ಚೆಂಡಿಯಾದಲ್ಲಿ 1918ರಲ್ಲಿ ಹುಟ್ಟಿದವರು, ಬಾಂಬೆ ಸ್ಯಾಪರ್ಸ್ ಅನ್ನೋ ಸೇನೆಯ ಎಂಜಿನಿಯರ್ ಪಡೆಯವರು. 1948ರ ಏಪ್ರಿಲಲ್ಲಿ ನೌಶೇರಾದಿಂದ ರಜೌರಿ ಕಡೆ ಟ್ಯಾಂಕುಗಳು ಹೋಗ್ಬೇಕಿತ್ತು, ದಾರಿ ತುಂಬ ನೆಲಬಾಂಬು, ಕಡಿದು ಅಡ್ಡ ಕೆಡವಿದ ಮರ, ಮೇಲಿಂದ ಗುಂಡು. ರಾಣೆ ಗಾಯ ಆಗಿದ್ರೂ ಬಿಡದೇ, ಟ್ಯಾಂಕಿನ ಅಡಿಯಲ್ಲಿ ತೆವಳ್ಕೊಂಡು, ಡ್ರೈವರ್‌ಗೆ ಹಗ್ಗ ಎಳೆದು ನಿಲ್ಸು ಹೋಗು ಅಂತ ಸಿಗ್ನಲ್ ಕೊಡ್ತಾ ದಾರಿ ಬಿಡಿಸಿದ್ರು. ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದ ಮೊದಲಿಗರು ಇವರು. ಯುದ್ಧದಲ್ಲಿ ಸತ್ತವರಲ್ಲ ಆದ್ದರಿಂದ ತ್ಯಾಗ ಚಕ್ರದ ಗೋಡೆಯಲ್ಲಿ ಹುಡುಕಬೇಡಿ, ಪ್ರತಿಮೆ ಇರೋದು ಇಲ್ಲಿ. ಕಾರವಾರ ಬೀಚಲ್ಲಿ ಕೂಡ ಇವರ ಪ್ರತಿಮೆ ಇದೆ.

ಗೋಡೆಯಲ್ಲಿ 1965ರ ಹೆಸರುಗಳ ಕಡೆ ಹೋದ್ರೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರನ್ನ ನೋಡಿ. ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲಿನ ದಾಳಿಯಲ್ಲಿ ತಮ್ಮ ಹಳೇ ಮಿಸ್ಟೇರ್ ವಿಮಾನದಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರನ್ನ ಕೆಡವಿ ತಾವೂ ವಾಪಸ್ ಬರ್ಲಿಲ್ಲ. ಅಲ್ಲಿ ಏನಾಯ್ತು ಅಂತ ನಮ್ಮ ಕಡೆಗೆ ಗೊತ್ತಾಗೋಕೇ ವರ್ಷಗಟ್ಟಲೆ ಹಿಡೀತು, ಮಹಾವೀರ ಚಕ್ರ ಬಂದಿದ್ದು 1988ರಲ್ಲಿ, 23 ವರ್ಷ ಆದ್ಮೇಲೆ. ಮಡಿಕೇರಿಯಲ್ಲಿ ಅವರ ಹೆಸರಿನ ಸರ್ಕಲ್ ಇದೆ.

ನಮ್ಮ ಕುಟುಂಬದವರ ಅಥವಾ ಊರಿನವರ ಹೆಸರು ಹುಡುಕೋದು ಹೇಗೆ?

ಸ್ಮಾರಕದ ಆವರಣದಲ್ಲೇ ಡಿಜಿಟಲ್ ಸ್ಕ್ರೀನ್ ಇಟ್ಟಿದ್ದಾರೆ, ಹೆಸರು ಹಾಕಿದ್ರೆ ಯಾವ ಗೋಡೆ ಅಂತ ತೋರಿಸುತ್ತೆ. ಹೆಸರಿನ ಜೊತೆ ಯಾವ ವರ್ಷ, ಯಾವ ರೆಜಿಮೆಂಟ್ ಅಂತ ಗೊತ್ತಿದ್ರೆ ಬೇಗ ಸಿಗುತ್ತೆ, ಒಂದೇ ಹೆಸರಿನವರು ತುಂಬಾ ಜನ ಇರ್ತಾರೆ. ಹುತಾತ್ಮರ ಮನೆಯವರೊಬ್ಬರು ಬಂದು ಸಂಜೆ ಹೂಗುಚ್ಛ ಇಡೋ ಕಾರ್ಯಕ್ರಮವೂ ಅಲ್ಲಿ ನಡೆಯುತ್ತೆ.

ಯಾವಾಗ ಹೋದ್ರೆ ಒಳ್ಳೇದು? ಟಿಕೆಟ್ ಇದ್ಯಾ?

ಟಿಕೆಟ್ ಇಲ್ಲ, ಫ್ರೀ. ಸಂಜೆ ಸೂರ್ಯ ಮುಳುಗೋ ಮುಂಚೆ ರಿಟ್ರೀಟ್ (ಬಾವುಟ ಇಳಿಸೋ) ಸಮಾರಂಭ ಇರುತ್ತೆ, ಅದಕ್ಕೆ ಒಂದು ಗಂಟೆ ಮೊದಲು ಹೋಗಿ ಗೋಡೆಗಳನ್ನ ನೋಡ್ಕೊಂಡು, ಸಮಾರಂಭ ಮುಗಿಸಿ, ದೀಪ ಹಾಕಿದ ಮೇಲೆ ಇಂಡಿಯಾ ಗೇಟ್ ಕಡೆ ಬನ್ನಿ. ಜನವರಿಯಲ್ಲಿ ಪರೇಡ್ ತಯಾರಿ ಅಂತ ಆಗಾಗ ಮುಚ್ಚಿರ್ತಾರೆ, ಮೊದಲೇ ಚೆಕ್ ಮಾಡ್ಕೊಳ್ಳಿ. ಪರೇಡ್ ದಿನ ಪ್ರಧಾನಿ ಹೂಗುಚ್ಛ ಇಡೋದು ಮೊದಲು ಅಮರ್ ಜವಾನ್ ಜ್ಯೋತಿ ಮುಂದೆ ಇತ್ತು, 2020ರಿಂದ ಈ ಹೊಸ ಸ್ಮಾರಕದಲ್ಲಿ. ಮೆಟ್ರೋದಲ್ಲಿ ಬರೋರು ಸೆಂಟ್ರಲ್ ಸೆಕ್ರೆಟೇರಿಯಟ್‌ನಲ್ಲಿ ಇಳಿದು ಕರ್ತವ್ಯ ಪಥದ ಉದ್ದಕ್ಕೂ ನಡೀಬಹುದು, ಚಳಿಗಾಲದಲ್ಲಿ ಚೆನ್ನಾಗಿರುತ್ತೆ, ಮೇ ತಿಂಗಳಲ್ಲಿ ಆ ಸಾಹಸ ಬೇಡ. ರೀಲ್ಸ್ ಮಾಡೋರಿಗೆ ಒಂದು ಕೋರಿಕೆ, ಇಂಡಿಯಾ ಗೇಟ್ ಹುಲ್ಲುಹಾಸಿನ ಮೇಲೆ ಏನಾದ್ರೂ ಮಾಡ್ಕೊಳ್ಳಿ, ತ್ಯಾಗ ಚಕ್ರದ ಗೋಡೆಗೆ ಒರಗಿ ಡ್ಯಾನ್ಸ್ ಬೇಡ, ಪಕ್ಕದಲ್ಲೇ ಯಾರದೋ ಅಮ್ಮ ಮಗನ ಹೆಸರು ಹುಡುಕ್ತಾ ಇರ್ಬಹುದು.

ದಿಲ್ಲಿಗೆ ಹೋಗೋಕಾಗಲ್ಲ, ಬೆಂಗಳೂರಲ್ಲೇ ಇಂಥದ್ದು ಏನಾದ್ರೂ ಇದ್ಯಾ?

ಇದೆ, ದಿನಾ ಅದರ ಪಕ್ಕದಲ್ಲೇ ಓಡಾಡ್ತೀರಿ. ಬ್ರಿಗೇಡ್ ರೋಡು ರೆಸಿಡೆನ್ಸಿ ರೋಡು ಸೇರೋ ಜಾಗದಲ್ಲಿ ಒಂದು ಕಲ್ಲಿನ ಕಂಬ ಇದ್ಯಲ್ಲ, ಅದು ಮೊದಲನೇ ಮಹಾಯುದ್ಧದಲ್ಲಿ ಸತ್ತ ಪಯೋನಿಯರ್ ಪಡೆಯವರ (ಸೇನೆಗೆ ದಾರಿ, ಕಂದಕ ಮಾಡಿಕೊಡೋ ಸೈನಿಕರು) ಸ್ಮಾರಕ. ಸಿಗ್ನಲ್ ಬಿಟ್ರೆ ಸಾಕು ಅನ್ನೋ ಅವಸರದಲ್ಲಿ ಯಾರೂ ತಲೆ ಎತ್ತಿ ನೋಡಲ್ಲ. ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ, ಸೆಪ್ಟೆಂಬರ್ 23ರ ಹೈಫಾ ದಿನದ ಹೊತ್ತಿಗೆ ಹೋಗಿ ನೋಡಿ. ಇಂದಿರಾ ಗಾಂಧಿ ಮ್ಯೂಸಿಕಲ್ ಫೌಂಟೇನ್ ಪಾರ್ಕ್ ಹತ್ತಿರ ನ್ಯಾಷನಲ್ ಮಿಲಿಟರಿ ಮೆಮೋರಿಯಲ್ ಇದೆ, ಅಲ್ಲಿ ಒಂದೇ ಕಲ್ಲಿನ ಭಾರಿ ವೀರಗಲ್ಲು ನಿಲ್ಲಿಸಿದ್ದಾರೆ. ಕಮಾನು, ಸ್ತಂಭ ಎಲ್ಲ ಆಮೇಲಿಂದು, ಊರು ಕಾಯೋಕೆ, ದನ ಬಿಡಿಸ್ಕೊಂಡು ಬರೋಕೆ ಹೋಗಿ ಸತ್ತವನಿಗೆ ಊರ ಮುಂದೆ ಕಲ್ಲು ನೆಡೋದು ನಮ್ಮಲ್ಲಿ ಸಾವಿರ ವರ್ಷಕ್ಕೂ ಹಿಂದಿಂದ ಇದೆ. ನಿಮ್ಮೂರಿನ ಕೆರೆ ಏರಿ ಹತ್ರಾನೋ ಗುಡಿ ಹಿಂದೆನೋ ಅಂಥದ್ದೊಂದು ಇದ್ರೆ ಮೇಲಿನ ಗಿಡಗಂಟಿ ತೆಗ್ಸಿ, ಬಟ್ಟೆ ಒಗೆಯೋಕೆ ಬಳಸ್ತಿದ್ರೆ ಬಿಡ್ಸಿ.